ಫಾರಿನ್ ಪ್ಲಗ್ಗಿನ ಯಶೋಧರಾ

ಪಾಂಡವಪುರದ ಐದು ದೀಪದ ವೃತ್ತ ದಾಟಿ ಬಸ್ ನಿಲ್ದಾಣದ ಕಡೆ ನಡೆದರೆ, ಒಂದಕ್ಕೊಂದು ಮುಖ ಮಾಡಿಕೊಂಡ ಎರಡು ಎಲೆಕ್ಟ್ರಿಕಲ್ ಅಂಗಡಿಗಳು ಸಿಗುತ್ತವೆ. ಎರಡರ ಬೋರ್ಡಿನ ಮೇಲೂ ಒಂದೇ ಮನೆದೇವರ ಹೆಸರು. ಬಲಗಡೆಯದಕ್ಕೆ ಮಾತ್ರ ಮುಂದೆ ‘ನ್ಯೂ’ ಅಂತ ಸೇರಿಸಿದೆ. ಹೊಸಬರು ಯಾರಾದರೂ ಎಡಗಡೆಯ ಅಂಗಡಿಗೆ ಬಂದು, “ಎದ್ರುಗಡೆದೂ ನಿಮ್ದೇನಾ?” ಎಂದು ಕೇಳಿದರೆ ಸಾಕು, ಯಶೋಧರಾ ತೋರಿಸುತ್ತಿದ್ದ ಸಾಮಾನನ್ನು ಹಾಗೇ ಗಾಜಿನ ಪೆಟ್ಟಿಗೆಯೊಳಗೆ ಇಟ್ಟುಬಿಡುತ್ತಿದ್ದಳು. “ಅಲ್ಲೇ ಹೋಗಿ ಕೇಳ್ಕಳಿ” ಅನ್ನುತ್ತಿದ್ದಳು. ವ್ಯಾಪಾರ ಅಲ್ಲಿಗೆ ಮುಗಿಯುತ್ತಿತ್ತು.

ಎದುರುಗಡೆಯದು ಅವಳ ಮೈದುನ ಲೋಕೇಶನದು. ಎಡಗಡೆಯದು ಅವಳ ಗಂಡ ತಿಮ್ಮರಾಜು ಕಟ್ಟಿದ್ದು. ತಿಮ್ಮರಾಜು ಬದುಕಿದ್ದಾಗ ಅಣ್ಣ ಗಲ್ಲಾದಲ್ಲಿ ಕೂತು ಮೋಟಾರಿಗೆ ಕಾಯಿಲ್ ಸುತ್ತಿದರೆ, ತಮ್ಮ ಬೈಕಿನಲ್ಲಿ ಸುತ್ತಮುತ್ತಲ ಹಳ್ಳಿಗೆ ಹೋಗಿ ಪಂಪ್‌ಸೆಟ್ಟುಗಳ ಸ್ಟಾರ್ಟರ್ ರಿಪೇರಿ ಮಾಡಿ ಬರುತ್ತಿದ್ದ. ಯಶೋಧರಾ ಮನೆಯಲ್ಲಿ ಅಡುಗೆ, ದನ, ಅತ್ತೆ ಇಷ್ಟನ್ನು ನೋಡಿಕೊಳ್ಳುತ್ತಿದ್ದಳು. ಅವಳು ನಾಗಮಂಗಲದ ಕಡೆ ದೇವಲಾಪುರದ ಹೆಣ್ಣು. ಪಿಯುಸಿ ಓದಿದ್ದಳು. ಮಕ್ಕಳಾಗಲಿಲ್ಲ. ಒಂದು ದಿನ ಮಧ್ಯಾಹ್ನ ತಿಮ್ಮರಾಜು ಸುತ್ತುತ್ತಿದ್ದ ತಾಮ್ರದ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕುರ್ಚಿಯಿಂದ ಕೆಳಗೆ ಜಾರಿದ. ಕರೆಂಟ್ ಹೊಡೆಯಿತೇನೋ ಎಂದು ಜನ ಮೊದಲು ಮೇನ್ ಸ್ವಿಚ್ ಆರಿಸಲು ಓಡಿದರು. ನಿಂತದ್ದು ಎದೆ.

ತಿಥಿಯೂಟ ಮುಗಿದ ಮಾರನೇ ಬೆಳಿಗ್ಗೆ ಲೋಕೇಶ ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಅತ್ಗೆ, ಬೀಗದ ಕೈ ಕೊಡಿ. ಅಂಗ್ಡಿ ತೆಗೀಬೇಕು.”

“ನಾನೇ ತೆಗೀತೀನಿ,” ಅಂದಳು ಯಶೋಧರಾ.

“ನೀವಾ? ನಿಮ್ಗೆ ಏನ್ ಬತ್ತದೆ ಅಂತ?”

“ನಿಮ್ಮಣ್ಣ ಏನು ಹುಟ್ತಾನೇ ಕಲ್ತ್ಕಂಡು ಬಂದಿದ್ರಾ?”

ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಅತ್ತೆ ಜಯಲಕ್ಷ್ಮಮ್ಮನಿಗೆ ಇದು ಕೇಳಿಸಿತು. ಹಿರಿಮಗನನ್ನು ಮಣ್ಣು ಮಾಡಿ ಬಂದ ದಿನದಿಂದ ಆ ಹೆಂಗಸು ಸರಿಯಾಗಿ ಮಾತಾಡಿರಲಿಲ್ಲ. ಅವತ್ತು ಆಡಿದಳು.

“ಗಂಡ ಹೋಗಿ ತಿಂಗ್ಳಾಗಿಲ್ಲ, ಬೀದೀಲಿ ಕೂತ್ಕಂಡು ಬಲ್ಬು ಮಾರ್ತಾಳಂತೆ! ನನ್ ಮಗನ್ನ ನುಂಗಿದ್ದು ಸಾಲ್ದಾ ನಿಂಗೆ? ಅಂಗ್ಡೀನೂ ನುಂಗ್ಬೇಕಾ?”

ಯಶೋಧರಾ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಚಪ್ಪಲಿ ಮೆಟ್ಟಿ ಹೊರಟಳು. ಸಂಜೆ ವಾಪಸು ಬಂದಾಗ ಅವಳ ಟ್ರಂಕು, ಹಾಸಿಗೆ ಜಗುಲಿಯ ಮೇಲಿದ್ದವು. ಲೋಕೇಶನ ಹೆಂಡತಿ ಪ್ರಮೀಳಾ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಯಶೋಧರಾ ಆಟೋ ಕರೆದು ಟ್ರಂಕು ಹೇರಿಸಿಕೊಂಡು ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಳು. ಆ ವರ್ಷದ ಯುಗಾದಿಗೆ ಎದುರುಗಡೆ ಲೋಕೇಶನ ಬೋರ್ಡು ಏರಿತು.

ಆಮೇಲಿನದು ಯುದ್ಧವೇ. ಲೋಕೇಶನ ಹಿಂದೆ ರೈತರೆಲ್ಲ ಹೋದರು. ಗದ್ದೆಗೆ ಬಂದು ಮೋಟಾರ್ ಇಳಿಸಿ ಏರಿಸುವವನು ಅವನೇ ಆದ್ದರಿಂದ ಅವರಿಗೂ ಬೇರೆ ದಾರಿಯಿರಲಿಲ್ಲ. ಅವಳ ಪಾಲಿಗೆ ಬಲ್ಬು, ಹೋಲ್ಡರು, ಟೇಪು ಉಳಿದವು. ಅವನ ತಗಡಿನ ಚಪ್ಪರ ರಸ್ತೆಗೆ ಚಾಚಿದೆ ಎಂದು ಅವಳು ಪುರಸಭೆಗೆ ದೂರು ಕೊಟ್ಟು ಕತ್ತರಿಸಿ ಹಾಕಿಸಿದಳು. ಅವಳ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿ ಹೋಗುವಂತೆ ಅವನು ತನ್ನ ಗಿರಾಕಿಗಳಿಗೆ ಹೇಳಿಕೊಟ್ಟ. ಅವಳು ಆ ಬೈಕುಗಳ ಗಾಳಿ ಬಿಟ್ಟಳು. ಇಬ್ಬರ ನಡುವೆ, ಅರಳಿಮರದ ಬುಡದಲ್ಲಿ ಹೂ ಮಾರುವ ಬೈರಮ್ಮ ಮಾತ್ರ ಎರಡೂ ಕಡೆ ಕಾಫಿ ಕುಡಿದು ಎರಡೂ ಕಡೆಯ ಸುದ್ದಿ ಸಾಗಿಸುತ್ತಿದ್ದಳು.

ಫಾರಿನ್ ಪ್ಲಗ್ಗು ಶುರುವಾದದ್ದೂ ಜಗಳದಿಂದಲೇ. ಸಿಂಗಪುರದ ಟೂರಿಗೆ ಹೊರಟ ನಿವೃತ್ತ ಮೇಷ್ಟ್ರೊಬ್ಬರು ಲೋಕೇಶನ ಅಂಗಡಿಗೆ ಬಂದು, ಅಲ್ಲಿಯ ಗೋಡೆಗೆ ಹೊಂದುವ ಪ್ಲಗ್ಗು ಬೇಕು ಅಂದರು. ಲೋಕೇಶ ಬೀದಿಗೆಲ್ಲ ಕೇಳುವ ಹಾಗೆ ನಕ್ಕ. “ಅಂತವೆಲ್ಲ ನಾನ್ ಮಡಗಲ್ಲ ಸಾ. ಎದ್ರುಗಡೆ ನೋಡಿ. ಅಲ್ಲಿ ಬೇಕಾಗಿರೋದು ಯಾವ್ದೂ ಇರಕ್ಕಿಲ್ಲ, ಬ್ಯಾಡ್ದೇ ಇರೋದು ಇದ್ರೂ ಇರ್ಬೋದು.”

ಯಶೋಧರಾ ಗಲ್ಲಾದಿಂದ ಎದ್ದು ನಿಂತಳು. “ಮೇಷ್ಟ್ರೇ, ಸೋಮವಾರ ಬನ್ನಿ. ತರ್ಸಿಟ್ಟಿರ್ತೀನಿ.”

ಅದೇನು ಎಂದು ಅವಳಿಗೂ ಗೊತ್ತಿರಲಿಲ್ಲ. ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ತಿರುಗಿ ಒಂದು ಚೀಲ ತುಂಬ ತಂದಳು. ಸಿಂಗಪುರಕ್ಕೂ ಇಂಗ್ಲೆಂಡಿಗೂ ಚಪ್ಪಟೆ ಮೂರು ಕಾಲಿನದು, ಜರ್ಮನಿಯ ಕಡೆಗೆ ದುಂಡನೆಯ ಎರಡು ಕಾಲು, ಅಮೆರಿಕ ಜಪಾನಿಗೆ ತೆಳುವಾದ ಎರಡು ಪಟ್ಟಿ, ಆಸ್ಟ್ರೇಲಿಯಕ್ಕೆ ಓರೆ ಪಟ್ಟಿ. ಅವುಗಳನ್ನು ಗಾಜಿನೊಳಗೆ ಒಡವೆ ಜೋಡಿಸಿದ ಹಾಗೆ ಜೋಡಿಸಿದಳು. ಊರಿನಿಂದ ಇಷ್ಟು ಜನ ಹೊರದೇಶಕ್ಕೆ ಹೋಗುತ್ತಾರೆ ಎಂದು ಅವಳಿಗೆ ಗೊತ್ತಾದದ್ದೇ ಆಗ. ಗಲ್ಫಿಗೆ ಹೊರಟ ನರ್ಸುಗಳು ಬಂದರು. ಹಾಲಿನ ಸೊಸೈಟಿಯವರು ಟೂರಿಗೆ ಅಂತ ಬಂದರು. ಶ್ರೀರಂಗಪಟ್ಟಣದಿಂದ, ಕೆ.ಆರ್.ಪೇಟೆಯಿಂದ ಹುಡುಕಿಕೊಂಡು ಬಂದರು. ಲೋಕೇಶ ಎದುರಿನಿಂದ ನೋಡುತ್ತಿದ್ದ. ಅವನು ನೋಡುತ್ತಿದ್ದಾನೆ ಅನ್ನುವುದೇ ಅವಳಿಗೆ ಊಟವಾಗಿತ್ತು.

ಆ ಊಟಕ್ಕೆ ಕಲ್ಲು ಬಿದ್ದದ್ದು ಕಿಕ್ಕೇರಿಯ ಮಂಗಳಮ್ಮನಿಂದ. ಅಮೆರಿಕದಲ್ಲಿದ್ದ ತಂಗಿಯ ಮನೆಗೆ ಮಂಗಳಮ್ಮ ಮಿಕ್ಸಿ ಕೊಂಡೊಯ್ದಿದ್ದಳು. ಪ್ಲಗ್ಗು ಕೊಟ್ಟವಳು ಯಶೋಧರಾ. ಊರಿಗೆ ಮರಳಿದ ಮಂಗಳಮ್ಮ ಬಸ್ಸಿಳಿದು ನೇರ ಅಂಗಡಿಯ ಮುಂದೆ ಬಂದು ನಿಂತಳು.

“ಏನ್ ಕೊಟ್ಟವ್ವ ತಾಯಿ ನೀನು? ಕಾಯಿ ಹಾಕಿ ಗುಂಡಿ ತಿರುವುದ್ರೆ ಗಾಣದೆತ್ತು ಸುತ್ತಿದಂಗೆ ಸುತ್ತದೆ! ಆಮ್ಯಾಕೆ ಸುಟ್ಟ ವಾಸ್ನೆ. ನನ್ ತಂಗಿ ಗಂಡನ ಮುಂದೆ ಮಾನ ಹೋಯ್ತು!”

ಯಶೋಧರಾ ಗಾಜಿನೊಳಗಿಂದ ಅಂಥದೇ ಒಂದು ಪ್ಲಗ್ಗು ತೆಗೆದು ತಿರುಗಿಸಿ ನೋಡಿದಳು. ಪ್ಲಗ್ಗು ಗೋಡೆಗೆ ಹೊಂದಿತ್ತಲ್ಲ, ಮತ್ತೇನು? ಅಷ್ಟರಲ್ಲಿ ಲೋಕೇಶ ಒಂದು ಕುರ್ಚಿ ಎತ್ತಿಕೊಂಡು ರಸ್ತೆ ದಾಟಿ ಬಂದ. ಅವಳ ಅಂಗಡಿಯ ಮುಂದೆಯೇ ಕುರ್ಚಿ ಹಾಕಿ, “ಕೂತ್ಕಳಿ ಮಂಗಳಕ್ಕ, ಬಿಸ್ಲು. ಟೀ ತರುಸ್ತೀನಿ. ಏನಾಯ್ತು ಅಂತ ಮೊದ್ಲಿಂದ ಹೇಳಿ” ಅಂದ. ಮಂಗಳಮ್ಮ ಮೊದಲಿನಿಂದ ಹೇಳಿದಳು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸುತ್ತ ನಿಂತು ಕೇಳಿದರು.

ಮಾರನೇ ದಿನವೇ ಯಶೋಧರಾ ಮತ್ತೆ ಬೆಂಗಳೂರಿಗೆ ಹೋದಳು. ಸಾಮಾನು ಕೊಟ್ಟ ಅಂಗಡಿಯವನನ್ನು ಬೈದಳು. ಬೈಸಿಕೊಂಡವನು ನಕ್ಕು, ಸ್ಟೂಲಿನ ಮೇಲೆ ಕೂರಿಸಿ ಬಿಡಿಸಿ ಹೇಳಿದ. ಪ್ಲಗ್ಗಿನ ಆಕಾರ ಬೇರೆ, ಒಳಗೆ ಹರಿಯುವ ವೋಲ್ಟೇಜು ಬೇರೆ. ನಮ್ಮಲ್ಲಿ ಇನ್ನೂರ ಮೂವತ್ತು. ಅಮೆರಿಕದಲ್ಲಿ ಅದರ ಅರ್ಧ. ಜಪಾನಿನಲ್ಲಿ ಬರೀ ನೂರು. ಪ್ಲಗ್ಗು ಬದಲಾಯಿಸಿದರೆ ವೋಲ್ಟೇಜು ಬದಲಾಗುವುದಿಲ್ಲ. ಫೋನು, ಲ್ಯಾಪ್‌ಟಾಪಿನ ಚಾರ್ಜರು ಎಲ್ಲ ಕಡೆಯೂ ಹೊಂದಿಕೊಳ್ಳುವಂತೆ ಮಾಡಿರುತ್ತಾರೆ. ಹಿಂಬದಿಯಲ್ಲಿ ಸಣ್ಣಗೆ ಅಚ್ಚಾಗಿರುತ್ತದೆ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಹಾಗಲ್ಲ. ಅವಕ್ಕೆ ವೋಲ್ಟೇಜು ಏರಿಸುವ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯೇ ಬೇಕು. ಇಲ್ಲದಿದ್ದರೆ ಅಲ್ಲಿಯದನ್ನೇ ಕೊಳ್ಳಬೇಕು.

ಅವತ್ತಿನಿಂದ ಅವಳು ಗಿರಾಕಿಗಳನ್ನು ಪೊಲೀಸರ ಹಾಗೆ ವಿಚಾರಿಸತೊಡಗಿದಳು. ಯಾವ ದೇಶ? ಏನು ಸಾಮಾನು? ತಂದಿದ್ದೀರಾ? ತಿರುಗಿಸಿ ಹಿಡೀರಿ, ಏನು ಬರೆದಿದೆ ಓದಿ. “ವೋಲ್ಟೇಜು ಗೊತ್ತಿಲ್ವಾ? ಮನೇಗೋಗಿ ನೋಡ್ಕಂಡು ಬನ್ನಿ. ಬರೀ ಕೈಲಿ ಬಂದ್ಬುಟ್ರೆ ನಾನೇನು ಶಾಸ್ತ್ರ ಹೇಳ್ಲಾ?” ಕೊಂಡುಕೊಳ್ಳಲು ಬಂದವರು ಬೈಸಿಕೊಂಡು ಹೋಗುತ್ತಿದ್ದರು. ಊರಿನ ಹುಡುಗರು ಅವಳಿಗೆ ವೋಲ್ಟೇಜಮ್ಮ ಎಂದು ಹೆಸರಿಟ್ಟರು. ಮಂಗಳಮ್ಮನ ಮಿಕ್ಸಿಗಿಂತ ಅವಳ ಬಾಯಿಯೇ ಹೆಚ್ಚು ಸುಡುತ್ತದೆ ಎಂದು ಲೋಕೇಶ ಮಾತು ಹಬ್ಬಿಸಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸ್ವಲ್ಪ ದಿನಕ್ಕೆ ಲೋಕೇಶನೂ ಪ್ಲಗ್ಗು ತಂದು ನೇತುಹಾಕಿದ. ಬಿಳಿಯ ಗಡ್ಡೆಯಂಥದು, ಗುಂಡಿ ಜಾರಿಸಿದರೆ ಬೇಕಾದ ದೇಶದ ಕಾಲು ಹೊರಗೆ ಬರುತ್ತಿತ್ತು. “ಇದೊಂದಿದ್ರೆ ಪರ್ಪಂಚ ಸುತ್ಕಂಡು ಬನ್ನಿ. ಯಾರೂ ಏನೂ ಕೇಳಕ್ಕಿಲ್ಲ” ಅನ್ನುತ್ತಿದ್ದ. ಏನೂ ಕೇಳದ ಅಂಗಡಿಗೆ ಜನ ಹೋದರು.

ಜಯಲಕ್ಷ್ಮಮ್ಮನ ಕಿರಿಮಗಳು ದಿವ್ಯ ನರ್ಸಿಂಗ್ ಓದಿ, ಜಪಾನೀ ಭಾಷೆ ಕಲಿತು, ಆ ದೇಶದ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದ್ದಳು. ಗಂಡ ನಾಗಾರ್ಜುನ ಅಲ್ಲೇ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದ. ಅವಳಿಗೆ ದಿನ ತುಂಬುತ್ತಾ ಬಂದಾಗ ಬಾಣಂತನಕ್ಕೆ ಅವ್ವ ಹೊರಡುವುದೆಂದಾಯಿತು. ಯಶೋಧರಾಳಿಗೆ ಈ ಸುದ್ದಿ ತಂದವಳು ಬೈರಮ್ಮ.

“ನಿಮ್ಮತ್ತೆ ಜಪಾನ್‌ಗೆ ಹೊಂಟವ್ರೆ ಕಣಕ್ಕ. ಸಾರಿನ ಪುಡಿ, ಉಪ್ಪಿನಕಾಯಿ, ಉಸುರಿನ ಮಿಸಿನ್ನು ಎಲ್ಲ ಗಂಟು ಕಟ್ಟಾಗದೆ.”

“ಉಸ್ರಿನ ಮಿಷಿನ್ನಾ? ಅದೇ ಹಳೇದಾ?”

“ಅದೇ, ಗುಡುಗುಡು ಅಂತದಲ್ಲ, ಅದು. ಲೋಕೇಸಣ್ಣ ಅವ್ನ ಅಂಗ್ಡೀದೇ ಬಿಳೀ ಪ್ಲಗ್ಗು ಕೊಟ್ಟವ್ನಂತೆ.”

ಜಯಲಕ್ಷ್ಮಮ್ಮನಿಗೆ ಆಸ್ತಮಾ ಇತ್ತು. ಔಷಧಿಯನ್ನು ಮಂಜಿನ ಹಾಗೆ ಮಾಡಿ ಮೂಗು ಬಾಯಿಗೆ ಕೊಡುವ ಆ ನೆಬ್ಯುಲೈಸರನ್ನು ಕೊಂಡು ತಂದವನು ತಿಮ್ಮರಾಜು. ಮೋಟಾರಿನ ಮೇಲೆ ನಡೆಯುವ ಯಂತ್ರ ಅದು. ಜಪಾನಿನ ನೂರು ವೋಲ್ಟಿಗೆ ಅದು ಗೊಣಗುತ್ತದೆಯೇ ಹೊರತು ಮಂಜು ಕಟ್ಟುವುದಿಲ್ಲ. ಯಶೋಧರಾಳಿಗೆ ಇದು ಕೂಡಲೇ ಹೊಳೆಯಿತು. ಅದರ ಹಿಂದೆಯೇ ಸಂತೋಷವೂ ಬಂತು. ಲೋಕೇಶನ ಬಿಳೀ ಗಡ್ಡೆಯ ಬಣ್ಣ ಅವನ ಅವ್ವನ ಮುಂದೆಯೇ ಬಯಲಾಗುತ್ತದೆ. ಆಗಲಿ. ಎಲ್ಲರಿಗೂ ಗೊತ್ತಾಗಲಿ. ಅವತ್ತು ಅವಳು ಬೈರಮ್ಮನಿಗೆ ಎರಡು ಲೋಟ ಕಾಫಿ ತರಿಸಿದಳು.

ಆ ಸಂತೋಷ ಬಹಳ ದಿನ ಬಾಳಲಿಲ್ಲ. ಕಬ್ಬು ಕಡಿದ ಗದ್ದೆಗಳಲ್ಲಿ ಉಳಿದ ಒಣ ತರಗಿಗೆ ಬೆಂಕಿ ಹಾಕುವ ಕಾಲ ಅದು. ಹೊಗೆ ಊರಿನೊಳಕ್ಕೂ ಬರುತ್ತಿತ್ತು. ಒಂದೇ ಮನೆಯಲ್ಲಿದ್ದ ವರ್ಷಗಳಲ್ಲಿ ಈ ಕಾಲಕ್ಕೆ ಅತ್ತೆಯ ಉಸಿರು ಕಟ್ಟಿದಾಗಲೆಲ್ಲ ಬೆನ್ನಿಗೆ ದಿಂಬು ಕೊಟ್ಟು, ಔಷಧಿ ಹಾಕಿ, ಮೂಗಿಗೆ ಮಾಸ್ಕ್ ಹಿಡಿದು ಕೂತವಳು ಯಶೋಧರಾ. ಎದೆಯೊಳಗೆ ಯಾರೋ ಸಿಳ್ಳೆ ಹಾಕುವಂಥ ಆ ಸದ್ದು, ಆಗ ತನ್ನ ಮೊಣಕೈಯನ್ನು ಅತ್ತೆ ಉಗುರು ಊರುವಂತೆ ಹಿಡಿದುಕೊಳ್ಳುತ್ತಿದ್ದದ್ದು ಎಲ್ಲ ನೆನಪಿಗೆ ಬಂತು. ಅವಳು ಮನಸ್ಸಿನಲ್ಲೇ ಅತ್ತೆಯನ್ನು ಬೈದಳು, ಲೋಕೇಶನನ್ನು ಬೈದಳು. ಕೊನೆಗೆ ಬೆಂಗಳೂರಿನಿಂದ ಒಂದು ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ತರಿಸಿದಳು.

ಅದು ಕೈಗೆ ಬಂದದ್ದು ಪ್ರಯಾಣದ ದಿನವೇ. ಅವಳು ಆ ಮನೆಯ ಬೀದಿಗೆ ತಿರುಗುವ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತಿತ್ತು. ಪ್ರಮೀಳಾ ಆರತಿ ತಟ್ಟೆ ಹಿಡಿದಿದ್ದಳು. ಜಯಲಕ್ಷ್ಮಮ್ಮ ಹೊಸ ಸ್ವೆಟರ್ ತೊಟ್ಟು ಬೂಟು ಹಾಕಿಕೊಂಡು, ನಡೆಯಲು ಬಾರದವಳ ಹಾಗೆ ನಿಂತಿದ್ದಳು. ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಬರುತ್ತಿದ್ದ ಸೊಸೆಯನ್ನು ಕಂಡು ಅವಳ ಮುಖ ಗಂಟಿಕ್ಕಿತು.

“ಒಂಟೀ ಹೆಂಗ್ಸು ಎದ್ರಿಗೆ ಬಂತಲ್ಲಪ್ಪ ಹೊರಡೋ ಹೊತ್ನಲ್ಲಿ,” ಅಂದಳು ಪ್ರಮೀಳಾ.

ಯಶೋಧರಾ ಅದನ್ನು ಕೇಳಿಸಿಕೊಳ್ಳದವಳಂತೆ ನೇರ ಅತ್ತೆಗೆ ಹೇಳಿದಳು. “ಅತ್ತೆ, ಆ ಪ್ಲಗ್ಗಿಗೆ ನಿಮ್ ಮಿಷಿನ್ನು ನಡ್ಯಾಕಿಲ್ಲ. ಅಲ್ಲಿ ಕರೆಂಟೇ ಕಮ್ಮಿ. ಇದನ್ನ ತಗಂಡೋಗಿ. ಇದನ್ನ ಗೋಡೆಗೆ ಹಾಕಿ, ಮಿಷಿನ್ನ ಇದಕ್ಕೆ ಹಾಕ್ಬೇಕು.”

ಲೋಕೇಶ ಡಿಕ್ಕಿಯ ಹತ್ತಿರದಿಂದ ಬಂದ. “ನನ್ ಅವ್ವಂಗೆ ಏನ್ ಕೊಡ್ಬೇಕು ಅಂತ ನಂಗೆ ಗೊತ್ತು. ಅದೇ ಪ್ಲಗ್ಗಲ್ಲಿ ಊರೋರೆಲ್ಲ ಫೋನು ಚಾರ್ಜ್ ಮಾಡ್ಕತಾವ್ರೆ.”

“ಫೋನು ಬ್ಯಾರೆ ಕಣಪ್ಪ! ಫೋನಿಗೂ ಮೋಟ್ರಿಗೂ ವ್ಯತ್ಯಾಸ ಗೊತ್ತಿಲ್ವಾ ನಿಂಗೆ?”

“ಮಂಗಳಮ್ಮನ ಮಿಕ್ಸಿ ಸುಟ್ಟೋಳು ನಂಗೆ ಹೇಳ್ಕೊಡಕ್ಕೆ ಬಂದವ್ಳೆ,” ಅಂದ ಲೋಕೇಶ. ಕಾರಿನ ಡ್ರೈವರೂ ನಕ್ಕ.

“ನಂಗದು ಬ್ಯಾಡ,” ಅಂದಳು ಜಯಲಕ್ಷ್ಮಮ್ಮ. “ಅದ್ರಲ್ಲಿ ಏನ್ ಮಾಡ್ಸಿ ಮಡಗವ್ಳೋ ಯಾರಿಗ್ ಗೊತ್ತು.”

ಯಶೋಧರಾ ಡಿಕ್ಕಿಯ ಬಳಿ ಹೋಗಿ ಪೆಟ್ಟಿಗೆಯನ್ನು ಸೂಟ್‌ಕೇಸುಗಳ ನಡುವೆ ತುರುಕಿದಳು. ಲೋಕೇಶ ಅದನ್ನು ಎತ್ತಿ ರಸ್ತೆಗೆ ಎಸೆದ. ಕಬ್ಬಿಣ ತುಂಬಿದ ಭಾರದ ಪೆಟ್ಟಿಗೆ ಧಪ್ಪೆಂದು ಬಿದ್ದು, ಹೊರಕವಚ ಸೀಳಿ, ಒಳಗಿನ ತಾಮ್ರದ ಸುರುಳಿ ಹೊರಗೆ ಇಣುಕಿತು. ಅದನ್ನು ನೋಡಿ ಯಶೋಧರಾಳ ಬಾಯಿ ತಾನಾಗಿ ತೆರೆಯಿತು.

“ಹೋಗಿ! ಅಲ್ಲೋಗಿ ಉಸ್ರು ಕಟ್ಕಂಡು ಬಿದ್ದಾಗ ನನ್ನ ನೆನೆಸ್ಕಳಿ!”

ಪ್ರಮೀಳಾಳ ಕೈಯ ತಟ್ಟೆಯಲ್ಲಿ ದೀಪ ಅಲುಗಿತು. ಕಾರು ಹೊರಟುಹೋಯಿತು. ಯಶೋಧರಾ ಒಡೆದ ಪೆಟ್ಟಿಗೆಯನ್ನು ಎತ್ತಿಕೊಂಡು ಅಂಗಡಿಗೆ ನಡೆದಳು. ಆಡಿದ ಮಾತು ಕಿವಿಯಲ್ಲೇ ಇತ್ತು. ಒಳ್ಳೆಯದು ಮಾಡಲು ಹೋದವಳು ಶಾಪ ಹಾಕಿ ಬಂದಿದ್ದಳು.

ಜಪಾನಿನಲ್ಲಿ ಚಳಿ ಏರಿದಾಗ ಫೋನು ಬಂತು. ಯಶೋಧರಾ ಆಗಷ್ಟೇ ಶಟರ್ ಎತ್ತಿ ಕಸ ಗುಡಿಸುತ್ತಿದ್ದಳು. ದಿವ್ಯ ಅತ್ತಿಗೆಗೆ ಫೋನು ಮಾಡಿ ವರ್ಷಗಳೇ ಆಗಿದ್ದವು.

“ಅತ್ಗೆ, ಅವ್ವಂಗೆ ಉಸ್ರು ಹಿಡ್ಕಂಡದೆ. ಮಿಷಿನ್ನು ಗುಂಯ್ ಅಂತದೆ, ಮಂಜು ಬತ್ತಿಲ್ಲ. ಅಣ್ಣ ಫೋನೆತ್ತುತ್ತಿಲ್ಲ. ಇವ್ರು ಕಾರ್ಖಾನೇಲವ್ರೆ.”

“ಅದು ಬರಾಕಿಲ್ಲ. ಅಲ್ಲಿ ಕರೆಂಟು ಸಾಲಾಕಿಲ್ಲ ಅದಕ್ಕೆ. ಕಿತ್ತಾಕು. ಆಂಬುಲೆನ್ಸ್‌ಗೆ ಹೇಳು.”

“ಹೇಳಿವ್ನಿ, ಬತ್ತಾ ಅವ್ರೆ. ಅವ್ವ ಹೋಗಾಕಿಲ್ಲ ಅಂತ ಹಟ ಹಿಡ್ದು ಕೂತವ್ಳೆ. ಗುರುತಿಲ್ದ ದೇಶ್ದಲ್ಲಿ ಆಸ್ಪತ್ರೆಗೆ ಹೋದ್ರೆ ವಾಪಸ್ ಬರಾಕಿಲ್ವಂತೆ. ನಾನು ಈ ಹೊಟ್ಟೆ ಇಟ್ಕಂಡು ಹೆಂಗ್ ಎತ್ಲಿ?” ದಿವ್ಯಳ ದನಿ ಒಡೆಯಿತು.

“ಫೋನು ಅವ್ರ ಕಿವಿಗಿಡು.”

ಆ ತುದಿಯಿಂದ ಸಿಳ್ಳೆಯಂಥ ಉಸಿರು ಕೇಳಿಸಿತು. ಎಷ್ಟೋ ಸಾವಿರ ಮೈಲಿ ದೂರದಿಂದ ಬಂದರೂ ಅದೇ ಸದ್ದು. ಯಶೋಧರಾಳ ಮೊಣಕೈ ತಾನಾಗಿ ಬಿಗಿಯಿತು.

“ಅತ್ತೆ, ನಾನು. ಕೇಳಿಸ್ಕಳಿ. ಆ ಹುಡ್ಗೀಗೆ ದಿನ ತುಂಬ್ಯದೆ, ಅವಳನ್ನ ಹೆಣಗಾಡಿಸ್ಬ್ಯಾಡಿ. ಬೆನ್ನು ಮುಂದಕ್ಕೆ ಬಾಗಿಸ್ಕಂಡು ಕೂತ್ಕಳಿ. ಗಾಡಿ ಬಂದೇಟಿಗೆ ಹತ್ತಿ. ಸಾಯಾಕೆ ಅಷ್ಟು ದೂರ ಯಾಕೋಗ್ಬೇಕಿತ್ತು? ಹತ್ತಿ ಸುಮ್ಕೆ!”

ಉಸಿರು ಎಳೆಯಿತು, ಬಿಟ್ಟಿತು, ಎಳೆಯಿತು. ಆಮೇಲೆ ಅಪರಿಚಿತ ಭಾಷೆಯ ದನಿಗಳು ಕೇಳಿ ಫೋನು ಕಡಿಯಿತು.

ಎದುರುಗಡೆ ಲೋಕೇಶ ಯಾರೋ ರೈತನಿಗೆ ವೈರ್ ಅಳೆದು ಕೊಡುತ್ತಿದ್ದ. ಅವನ ಫೋನು ಒಳಗೆಲ್ಲೋ ಇತ್ತು. ಯಶೋಧರಾ ಪೊರಕೆ ಬಿಸಾಡಿ ರಸ್ತೆ ದಾಟಿದಳು. ಆ ಅಂಗಡಿ ತೆರೆದಾಗಿನಿಂದ ಅವಳು ಅದರ ಮೆಟ್ಟಿಲು ತುಳಿದಿರಲಿಲ್ಲ.

“ಫೋನೆತ್ತು. ನಿಮ್ಮವ್ವನ್ನ ಆಸ್ಪತ್ರೆಗೆ ಸಾಗಿಸ್ತಾವ್ರೆ. ಮಿಷಿನ್ನು ನಡೀಲಿಲ್ಲ.”

ಲೋಕೇಶನ ಕೈಯಿಂದ ವೈರ್ ಜಾರಿತು. ಮುಖ ಬಿಳಿಚಿಕೊಂಡಿತು. ಒಂದು ಗಳಿಗೆ ಅವನು ಅಣ್ಣನ ಹಿಂದೆ ಬೈಕಿನಲ್ಲಿ ಕೂರುತ್ತಿದ್ದ ಹುಡುಗನ ಹಾಗೇ ಕಂಡ. ಆಮೇಲೆ ಕಣ್ಣು ಕೆಂಪಾದವು.

“ನಿಂಗೆ ಇದೇ ಬೇಕಿತ್ತಲ್ಲ! ಹೊರಡ್ತಾನೇ ಅಂದಿದ್ಯಲ್ಲ ಬಾಯಿ ತುಂಬ! ಆಚೀಕ್ ಹೋಗು ನನ್ನಂಗ್ಡಿಯಿಂದ!”

“ಪ್ಲಗ್ಗು ಕೊಟ್ಟೋನು ನೀನು ಕಣ್ಲಾ!”

“ಹೋಗು ಅಂದ್ನಲ್ಲ!” ಅವನು ಗಲ್ಲಾದ ಮೇಲಿದ್ದ ಟೆಸ್ಟರನ್ನು ಎಸೆದ. ಅದು ಅವಳ ಭುಜಕ್ಕೆ ತಾಗಿ ಬಿತ್ತು. ಅವಳು ಭುಜ ಉಜ್ಜಿಕೊಳ್ಳದೆ ಮೆಟ್ಟಿಲಿಳಿದು ಬಂದಳು.

ಜಯಲಕ್ಷ್ಮಮ್ಮ ಬದುಕಿದಳು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ಮನೆಗೆ ಕಳಿಸುವಾಗ ಅಲ್ಲಿಯದೇ ಒಂದು ಸಣ್ಣ ಯಂತ್ರ ಕೊಡಿಸಿದರು. ದಿವ್ಯಳಿಗೆ ಹೆಣ್ಣುಮಗುವಾಯಿತು. ಇಷ್ಟೆಲ್ಲ ಒಳ್ಳೆಯ ಸುದ್ದಿ ಊರಿಗೆ ಬರುವ ಮೊದಲೇ ಬೇರೊಂದು ಸುದ್ದಿ ಹಬ್ಬಿತ್ತು. ಯಶೋಧರಾ ಬಾಯಿಬಿಟ್ಟು ಅಂದಳು, ಹಾಗೇ ಆಯಿತು. ಕೆಟ್ಟ ಬಾಯಿ. ಮಾತು ತಾಗುತ್ತದೆ. ಬೈರಮ್ಮ ಕೂಡ ಕಾಫಿಗೆ ಬರುವುದು ಕಡಿಮೆ ಮಾಡಿದಳು. ಕುವೈತಿಗೆ ಹೊರಟ ಹುಡುಗಿಯೊಬ್ಬಳು ಪ್ಲಗ್ಗು ಕೈಗೆ ತೆಗೆದುಕೊಂಡಿದ್ದಳು. ಅವಳ ತಾಯಿ ಹಿಂದಿನಿಂದ ಬಂದು, “ಮಡಗು, ಬಾ. ಹೊರಡೋ ಮುಂಚೆ ಆವಮ್ಮನ ಬಾಯಿಗೆ ಬೀಳ್ಬ್ಯಾಡ” ಎಂದು ಎಳೆದುಕೊಂಡು ಹೋದಳು. ಯಶೋಧರಾ ಕೂಗಾಡಲಿಲ್ಲ. ಯಾವ ದೇಶ ಎಂದು ಕೂಡ ಕೇಳಲಿಲ್ಲ. ಆ ದಿನ ಬೇಗ ಶಟರ್ ಎಳೆದಳು.

ಬೇಸಿಗೆಗೆ ಜಯಲಕ್ಷ್ಮಮ್ಮ ಊರಿಗೆ ಬಂದಳು. ಬಂದ ವಾರದೊಳಗೆ ಅವಳ ಅಣ್ಣ ಚಿಕ್ಕಸ್ವಾಮಿ ಕೆ.ಆರ್.ಪೇಟೆಯಿಂದ ಬಂದು, ನೆಂಟರನ್ನು ಸೇರಿಸಿ, ಯಶೋಧರಾಳಿಗೆ ಹೇಳಿಕಳಿಸಿದ. ಅವಳು ಹೋದಳು. ತನ್ನದಾಗಿದ್ದ ನಡುಮನೆಯಲ್ಲಿ ಅವಳಿಗೆ ಚಾಪೆ ಹಾಕುವವರಿರಲಿಲ್ಲ. ಕಂಬದ ಪಕ್ಕ ನಿಂತಳು. ಲೋಕೇಶ ಒಂದು ಮೂಲೆಯಲ್ಲಿ ಫೋನು ನೋಡುತ್ತ ಕೂತಿದ್ದ. ಜಯಲಕ್ಷ್ಮಮ್ಮ ಗೋಡೆಗೆ ಒರಗಿದ್ದಳು. ತುಂಬ ಇಳಿದುಹೋಗಿದ್ದಳು. ಪ್ರಮೀಳಾ ಅವಳ ಮಗ್ಗುಲಲ್ಲಿ ಬಿಸಿನೀರಿನ ಲೋಟ ಹಿಡಿದಿದ್ದಳು.

“ನೋಡವ್ವ ಯಶೋದ,” ಚಿಕ್ಕಸ್ವಾಮಿ ಗಂಟಲು ಸರಿಮಾಡಿಕೊಂಡ. “ಹೊರಟು ನಿಂತೋರಿಗೆ ನೀನು ಆ ಮಾತು ಅಂದಿದ್ದು ದಿಟವಾ?”

“ದಿಟ ಮಾವ. ಅಂದೆ.”

“ಮನೆದೇವ್ರಿಗೆ ತಪ್ಪು ಕಾಣಿಕೆ ಕಟ್ಟಿ ಕೈ ಮುಗೀಬೇಕು.”

“ಆಡಿದ್ ಮಾತಿಗೆ ಕಟ್ತೀನಿ. ನಂಗೂ ಅದು ಚುಚ್ತಾನೇ ಅದೆ.” ಅವಳು ಉಸಿರು ತೆಗೆದುಕೊಂಡಳು. “ಆದ್ರೆ ಮಿಷಿನ್ನು ನಿಂತಿದ್ದು ನನ್ ಮಾತಿಗಲ್ಲ. ಪ್ಲಗ್ಗು ಕೊಟ್ಟೋರು ಯಾರು? ನಾನು ತಂದಿದ್ದನ್ನ ಬೀದಿಗೆ ಎಸ್ದೋರು ಯಾರು? ಅತ್ತೇನೇ ಹೇಳ್ಲಿ.”

ಎಲ್ಲರೂ ಜಯಲಕ್ಷ್ಮಮ್ಮನ ಕಡೆ ತಿರುಗಿದರು. ಲೋಕೇಶನ ಹೆಬ್ಬೆರಳು ಫೋನಿನ ಮೇಲೆ ನಿಂತಿತು.

ಮುದುಕಿ ಸೊಸೆಯನ್ನು ನೋಡಲಿಲ್ಲ. ಬಿಸಿನೀರಿನ ಲೋಟಕ್ಕೆ ಕೈ ಚಾಚಿದಳು, ಪ್ರಮೀಳಾ ಕೊಟ್ಟಳು, ಒಂದು ಗುಟುಕು ಕುಡಿದಳು. “ಪ್ಲಗ್ಗು ಗಿಗ್ಗು ಎಲ್ಲ ಸರ್ಯಾಗೇ ಇತ್ತು,” ಅಂದಳು. “ನನ್ ಮಗ ಕೊಟ್ಟಿದ್ರಲ್ಲಿ ಏನೂ ತಪ್ಪಿರ್ನಿಲ್ಲ. ಇವ್ಳ ಬಾಯಿಂದಾನೇ ಆಗಿದ್ದು.”

ಯಶೋಧರಾಳ ಕೈ ಸೆರಗಿನೊಳಗಿನ ಫೋನಿಗೆ ಹೋಯಿತು. ದಿವ್ಯಳಿಗೆ ಕರೆ ಹಚ್ಚಿ ಸ್ಪೀಕರ್ ಹಾಕಿದರೆ ಮುಗಿಯುತ್ತಿತ್ತು. ಜಯಲಕ್ಷ್ಮಮ್ಮ ಆಸ್ಪತ್ರೆಯಿಂದ ಬಂದ ದಿನವೇ ದಿವ್ಯ ಫೋನು ಮಾಡಿ, ಅವ್ವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದೇನೆ ಅಂದಿದ್ದಳು. ಹಾಗಾದರೆ ಮುದುಕಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳುತ್ತಿದ್ದಳು. ಯಶೋಧರಾ ಅವಳನ್ನು ದಿಟ್ಟಿಸಿದಳು. ಮುದುಕಿ ಲೋಟವನ್ನು ಪ್ರಮೀಳಾಳ ಕೈಗೆ ವಾಪಸು ಕೊಟ್ಟಳು. ಉಳಿದಿರುವುದು ಇವನೊಬ್ಬನೇ ಮಗ. ಉಸಿರು ಕಟ್ಟಿದರೆ ಎಬ್ಬಿಸಿ ಕೂರಿಸಬೇಕಾದವಳು ಇವನ ಹೆಂಡತಿ. ನಾಳೆ ಬೆಳಿಗ್ಗೆ ಕಾಫಿ ಕೊಡುವುದೂ ಇದೇ ಅಡುಗೆಮನೆ. ನಿಜ ಹೇಳಿ ಈ ಮುದುಕಿ ಎಲ್ಲಿಗೆ ಹೋಗಬೇಕು?

ಯಶೋಧರಾ ಫೋನು ತೆಗೆಯಲಿಲ್ಲ. ಕರುಣೆ ಬಂತು ಅಂತಲ್ಲ. ಸಿಟ್ಟು ಹಾಗೇ ಇತ್ತು. ಆದರೆ ಅಷ್ಟು ವರ್ಷ ಹೊತ್ತುಕೊಂಡಿದ್ದ ಒಂದು ಆಸೆ ಅವತ್ತು ಸತ್ತಿತು. ಎಂದೋ ಒಂದು ದಿನ ಈ ಮನೆಯಲ್ಲಿ ಯಾರಾದರೂ ನಾಲ್ಕು ಜನರ ಮುಂದೆ ತನ್ನ ಕಡೆ ಮಾತಾಡುತ್ತಾರೆ ಅನ್ನುವ ಆಸೆ ಅದು. ಅದು ತನ್ನೊಳಗೆ ಇದ್ದದ್ದೇ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

“ಆಯ್ತು,” ಅಂದಳು. “ಕಾಣಿಕೆ ಕಟ್ತೀನಿ. ಇನ್ಮೇಲೆ ಈ ಮನೆಯಿಂದ ನಂಗೆ ಯಾರೂ ಹೇಳಿಕಳಿಸ್ಬ್ಯಾಡಿ. ಸಾವಿಗೂ ಹೇಳ್ಬ್ಯಾಡಿ.”

ಲೋಕೇಶ ತಲೆ ಎತ್ತಲಿಲ್ಲ. ಅವಳು ಹೊಸ್ತಿಲು ದಾಟುವಾಗ ಹಿಂದಿನಿಂದ ಜಯಲಕ್ಷ್ಮಮ್ಮ ಕೆಮ್ಮಿದಳು. ಅದು ನಿಜವಾದ ಕೆಮ್ಮೋ ಕರೆದದ್ದೋ ಯಶೋಧರಾಳಿಗೆ ತಿಳಿಯಲಿಲ್ಲ. ನಿಲ್ಲಲಿಲ್ಲ.

ಕಾಣಿಕೆ ಕಟ್ಟಿದಳು. ಅಂಗಡಿ ಮುಚ್ಚುತ್ತಾಳೆ, ದೇವಲಾಪುರಕ್ಕೆ ಅಣ್ಣನ ಮನೆಗೆ ಹೋಗುತ್ತಾಳೆ ಎಂದು ಊರಿನವರು ಆಡಿಕೊಂಡರು. ಮುಚ್ಚಲಿಲ್ಲ. ಸ್ವಲ್ಪ ಕಾಲ ಬಲ್ಬಿನಲ್ಲೇ ದಿನ ದೂಡಿದಳು. ಆಮೇಲೆ ಶ್ರೀರಂಗಪಟ್ಟಣದ ಒಂದೆರಡು ಲಾಡ್ಜಿನವರು, ಬರುವ ವಿದೇಶಿಯರ ಪ್ಲಗ್ಗು ನಮ್ಮ ಗೋಡೆಗೆ ಹೊಂದುವುದಿಲ್ಲ ಎಂದು ಅವಳನ್ನೇ ಹುಡುಕಿಕೊಂಡು ಬಂದರು. ಅವರಿಗೆ ಶಾಪ, ಕೆಟ್ಟ ಬಾಯಿ ಯಾವುದೂ ಗೊತ್ತಿರಲಿಲ್ಲ. ಅವರನ್ನೂ ಬೈದೇ ವ್ಯಾಪಾರ ಮಾಡಿದಳು. ನಿಧಾನವಾಗಿ ನರ್ಸು ಹುಡುಗಿಯರೂ ಮರಳಿದರು, ತಾಯಂದಿರನ್ನು ಮನೆಯಲ್ಲೇ ಬಿಟ್ಟು. ಎದುರುಗಡೆ ಲೋಕೇಶನ ಬಿಳೀ ಪ್ಲಗ್ಗುಗಳು ಒಂದು ದಿನ ಕಾಣೆಯಾದವು. ಯಾಕೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬೈಕುಗಳು ಮಾತ್ರ ಇವತ್ತಿಗೂ ಅವಳ ಅಂಗಡಿಯ ಮುಂದೆಯೇ ನಿಲ್ಲುತ್ತವೆ.

ಮಧ್ಯಾಹ್ನ ಒಮ್ಮೊಮ್ಮೆ ಜಯಲಕ್ಷ್ಮಮ್ಮ ಮಗನ ಅಂಗಡಿಯಲ್ಲಿ ಬಂದು ಕೂರುತ್ತಾಳೆ. ರಸ್ತೆಯ ಈ ಕಡೆ ನೋಡುವುದಿಲ್ಲ. ತರಗಿನ ಹೊಗೆಯ ದಿನಗಳಲ್ಲಿ ಅವಳಿಗೆ ಕೆಮ್ಮು ಹತ್ತಿದರೆ ಇಲ್ಲಿಗೂ ಕೇಳುತ್ತದೆ. ಆಗ ಯಶೋಧರಾ ಗಿರಾಕಿಗೆ ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಪ್ಲಗ್ಗು ಕೈಯಲ್ಲಿ ಹಿಡಿದುಕೊಂಡೇ ಇರುತ್ತಾಳೆ. ರಸ್ತೆ ದಾಟುವುದಿಲ್ಲ. ಕೆಮ್ಮು ಇಳಿದು ಉಸಿರು ಹಳಿಗೆ ಬಂದದ್ದು ಗೊತ್ತಾದ ಮೇಲೆ, “ಏನ್ ನನ್ ಮುಖ ನೋಡ್ತಾ ನಿಂತಿದ್ದೀರಿ? ವೋಲ್ಟೇಜು ಎಷ್ಟು ಅಂತ ಕೇಳ್ದೆ” ಎಂದು ಎದುರು ನಿಂತವರ ಮೇಲೆ ಹರಿಹಾಯುತ್ತಾಳೆ.